ಜಾಲತಾಣಕ್ಕೆ ಬರುವ ಅಂಕ, ಹುಡುಕಾಟದಲ್ಲಿ ಸಿಗುವ ಜಾಗ

(ಕನ್ನಡದಲ್ಲಿ ಜಾಲತಾಣ ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಾಲತಾಣಕ್ಕೆ 100ಕ್ಕೆ ಇಷ್ಟು ಅಂತ ಯಾರೋ ತೋರಿಸುವ ಅಂಕವನ್ನು ಗೂಗಲ್ ಕೊಟ್ಟಿಲ್ಲ. ಗೂಗಲ್ ಅದನ್ನು ನೋಡುವುದೂ ಇಲ್ಲ. ಡೊಮೈನ್ ಅಥಾರಿಟಿ ಎಂಬ ಅಂಕ ಮಾಜ್ ಎಂಬ ಅಮೆರಿಕದ ಕಂಪನಿಯದು. ಡೊಮೈನ್ ರೇಟಿಂಗ್ ಎಚ್‌ರೆಫ್ಸ್‌ನದು. ಅಥಾರಿಟಿ ಸ್ಕೋರ್ ಸೆಮ್‌ರಶ್‌ನದು. ಟ್ರಸ್ಟ್ ಫ್ಲೋ ಮೆಜೆಸ್ಟಿಕ್‌ನದು. ಇವೆಲ್ಲ ಎಸ್‌ಇಒ, ಅಂದರೆ ತಾಣವನ್ನು ಹುಡುಕಾಟದಲ್ಲಿ ಮೇಲೆ ತರುವ, ಕೆಲಸಕ್ಕೆ ಬೇಕಾದ ಸಲಕರಣೆ ಮಾರುವ ಖಾಸಗಿ ಕಂಪನಿಗಳು. ಗೂಗಲ್‌ನ ಜಾನ್ ಮ್ಯೂಲರ್ ಈ ಅಂಕಗಳನ್ನು ಗೂಗಲ್ ಬಳಸುವುದಿಲ್ಲ ಎಂದು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಮಾಜ್ ಕಂಪನಿ ಕೂಡ ಇದನ್ನು ಮುಚ್ಚಿಟ್ಟಿಲ್ಲ. ತನ್ನ ಅಂಕ ಗೂಗಲ್‌ನ ಲೆಕ್ಕಕ್ಕೆ ಬರುವುದಿಲ್ಲ ಎಂದು ತಾನೇ ಬರೆದುಕೊಂಡಿದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕನ್ನಡದಲ್ಲಿ ಒಳ್ಳೆಯ ವಿಷಯ ಬರೆಯುವ ಎಷ್ಟೋ ಜನ ‘ನಮ್ಮ ತಾಣದ ಅಂಕ ಬರೀ 8’ ಅಂತ ಬರೆಯುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಅಂಕ ಏರಿಸಿಕೊಡುತ್ತೇವೆ ಎಂದವರಿಗೆ ದುಡ್ಡು ಕೊಡುತ್ತಾರೆ. ಎರಡೂ ನನಗೆ ಸಂಕಟ ತರುವ ಸಂಗತಿಗಳು. ಕನ್ನಡದಲ್ಲಿ ಇರುವ ಪುಟಗಳೇ ಕಡಿಮೆ. ಅದರಲ್ಲೂ ಹೀಗೆ ಒಂದೊಂದೇ ನಿಂತುಹೋದರೆ ಹೇಗೆ?

ಅಂಕದ ಯೋಚನೆ ಎಲ್ಲಿಂದ ಬಂತು ಅಂತ ನೋಡಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

1990ರ ದಶಕದ ನಡುವಿನಲ್ಲಿ ಹುಡುಕಾಟದ ತಾಣಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ನಂಬುತ್ತಿದ್ದವು. ಒಂದು ಪದವನ್ನು ಪುಟದಲ್ಲಿ ಮತ್ತೆ ಮತ್ತೆ ತುರುಕಿದರೆ ಮೇಲೆ ಬರಬಹುದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಬೇರೆ ದಾರಿ ಹಿಡಿದರು. ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ, ಬೇರೆ ಪುಟಗಳು ಕೊಂಡಿ (ಲಿಂಕ್) ಕೊಟ್ಟು ಅದರತ್ತ ಕೈ ತೋರಿಸುತ್ತವೆಯೇ ಎನ್ನುವುದನ್ನು ಅವರು ಲೆಕ್ಕಕ್ಕೆ ತಂದರು. ಆ ಕೆಲಸಕ್ಕೆ ಮೊದಲು ಇಟ್ಟಿದ್ದ ಹೆಸರು ಬ್ಯಾಕ್‌ರಬ್. 1998ರಲ್ಲಿ ಅದೇ ಗೂಗಲ್ ಕಂಪನಿಯಾಯಿತು. ಲೆಕ್ಕದ ವಿಧಾನಕ್ಕೆ ಪೇಜ್‌ರ‍್ಯಾಂಕ್ ಎಂಬ ಹೆಸರು ನಿಂತಿತು.

ಈ ಯೋಚನೆಗೂ ಒಂದು ಹಿನ್ನೆಲೆ ಇದೆ. ವಿಜ್ಞಾನದ ಲೇಖನವೊಂದನ್ನು ಎಷ್ಟು ಬೇರೆ ಲೇಖನಗಳು ಉಲ್ಲೇಖಿಸಿವೆ ಎಂದು ಎಣಿಸುವ ಪದ್ಧತಿಯನ್ನು ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲೇ ಕಟ್ಟಿ ನಿಲ್ಲಿಸಿದ್ದರು. ಮುಂದೆ ಚೀನಾದ ಹುಡುಕಾಟದ ಕಂಪನಿ ಬೈದುವನ್ನು ಶುರು ಮಾಡಿದ ರಾಬಿನ್ ಲಿ, 1996ರಲ್ಲೇ ಕೊಂಡಿಗಳನ್ನು ಆಧರಿಸಿದ ರ‍್ಯಾಂಕ್‌ಡೆಕ್ಸ್ ಎಂಬ ವ್ಯವಸ್ಥೆ ಮಾಡಿದ್ದರು. ಅಂದರೆ ಆ ಹೊತ್ತಿಗೆ ಹಲವರ ತಲೆಯಲ್ಲಿ ಈ ವಿಚಾರ ಓಡುತ್ತಿತ್ತು.

ಹೊಸ ಊರಿಗೆ ಹೋದಾಗ ಒಳ್ಳೆಯ ಡಾಕ್ಟರ್ ಯಾರು ಅಂತ ಕೇಳುತ್ತೀರಲ್ಲ, ಹಾಗೆಯೇ ಇದು. ಹತ್ತು ಜನ ಒಂದೇ ಹೆಸರು ಹೇಳಿದರೆ ನಂಬಿಕೆ ಬರುತ್ತದೆ. ಔಷಧಿ ಅಂಗಡಿಯವರೂ ಅದೇ ಹೆಸರು ಹೇಳಿದರೆ ನಂಬಿಕೆ ಇನ್ನೂ ಜಾಸ್ತಿ. ಪೇಜ್‌ರ‍್ಯಾಂಕ್ ಕೂಡ ಎಷ್ಟು ಕೊಂಡಿ ಬಂತು ಅಂತ ಸುಮ್ನೆ ಎಣಿಸುವುದಿಲ್ಲ. ಕೊಂಡಿ ಕೊಟ್ಟ ಪುಟಕ್ಕೆ ಎಷ್ಟು ತೂಕ ಇದೆ ಎಂದು ನೋಡುತ್ತದೆ. ಆ ತೂಕ ಮತ್ತೆ ಅದಕ್ಕೆ ಕೊಂಡಿ ಕೊಟ್ಟವರಿಂದ ಬಂದಿರುತ್ತದೆ. ಇದು ಕೊನೆಯೇ ಇಲ್ಲದ ಸುತ್ತು ಅನ್ನಿಸಬಹುದು. ಆದರೆ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿದರೆ ಅಂಕಗಳು ಒಂದು ಕಡೆ ಬಂದು ನಿಲ್ಲುತ್ತವೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಎರಡು ವಿವರಗಳಿವೆ. ಒಂದು, ಪುಟದ ತೂಕ ಅದರಲ್ಲಿರುವ ಕೊಂಡಿಗಳಿಗೆ ಹಂಚಿಹೋಗುತ್ತದೆ. ನಾಲ್ಕು ಕೊಂಡಿ ಇದ್ದರೆ ನಾಲ್ಕು ಪಾಲು. ನಾನೂರು ಇದ್ದರೆ ನಾನೂರು ಪಾಲು. ನೂರಾರು ತಾಣಗಳ ಪಟ್ಟಿ ಹಾಕಿರುವ ಪುಟದಲ್ಲಿ ನಿಮ್ಮ ಹೆಸರು ಸೇರಿಸಿಕೊಂಡರೆ ಏನೂ ದೊಡ್ಡ ಲಾಭವಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಇನ್ನೊಂದು, ಅವರು ಒಬ್ಬ ಓದುಗನನ್ನು ಊಹಿಸಿಕೊಂಡರು. ಅವನು ಪುಟದಿಂದ ಪುಟಕ್ಕೆ ಕೊಂಡಿ ಒತ್ತುತ್ತಾ ಹೋಗುತ್ತಾನೆ. ನಡುನಡುವೆ ಬೇಸರವಾಗಿ ಬೇರೆ ಯಾವುದೋ ಪುಟಕ್ಕೆ ಹಾರುತ್ತಾನೆ. ಸಾಮಾನ್ಯವಾಗಿ ಕೊಂಡಿ ಹಿಡಿದು ಮುಂದೆ ಹೋಗುವ ಸಾಧ್ಯತೆ 0.85 ಎಂದು ಇಟ್ಟುಕೊಂಡರು. ಹೀಗೆ ಅಲೆಯುವ ಓದುಗ ಯಾವ ಪುಟದಲ್ಲಿ ಹೆಚ್ಚು ಸಲ ಸಿಗುತ್ತಾನೋ ಆ ಪುಟದ ಅಂಕ ಹೆಚ್ಚು.

ಒಂದು ಮಾತು ಗಮನಿಸಿ. ಈ ಲೆಕ್ಕ ಪುಟದ್ದು. ಇಡೀ ತಾಣದ್ದಲ್ಲ.

ಡಿಸೆಂಬರ್ 2000ದಲ್ಲಿ ಗೂಗಲ್ ಬ್ರೌಸರಿಗೆ ಸೇರಿಸಿಕೊಳ್ಳುವ ತನ್ನ ಟೂಲ್‌ಬಾರ್ ಹೊರತಂದಿತು. ಅದರಲ್ಲಿ ಹಸಿರು ಪಟ್ಟಿಯೊಂದು ಇತ್ತು. ನೀವು ನೋಡುತ್ತಿರುವ ಪುಟಕ್ಕೆ 0ಯಿಂದ 10ರೊಳಗೆ ಎಷ್ಟು ಅಂಕ ಅಂತ ಅದು ತೋರಿಸುತ್ತಿತ್ತು. ಅಂಕ ಕಣ್ಣಿಗೆ ಬಿದ್ದದ್ದೇ ತಡ, ಕೊಂಡಿಗಳ ವ್ಯಾಪಾರ ಶುರುವಾಯಿತು. ಅಂಕ 6 ಇರುವ ಪುಟದ ಕೊಂಡಿಗೆ ಒಂದು ರೇಟು, 7 ಇದ್ದರೆ ಬೇರೆ ರೇಟು. ಜನರ ಬರಹದ ಕೆಳಗೆ ಪ್ರತಿಕ್ರಿಯೆಯ ನೆಪದಲ್ಲಿ ಕೊಂಡಿ ಅಂಟಿಸುವ ಕಾಟ ಎಷ್ಟು ಹೆಚ್ಚಿತೆಂದರೆ, 2005ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ನೋಫಾಲೋ ಎಂಬ ಗುರುತನ್ನು ಒಪ್ಪಿಕೊಂಡವು. ಈ ಕೊಂಡಿಗೆ ನನ್ನ ಶಿಫಾರಸು ಇಲ್ಲ ಅಂತ ಹೇಳುವ ಗುರುತು ಅದು. ಹಸಿರು ಪಟ್ಟಿಯ ಅಂಕವನ್ನು ಗೂಗಲ್ ಕೊನೆಯ ಸಲ ಹೊಸದು ಮಾಡಿದ್ದು ಡಿಸೆಂಬರ್ 2013ರಲ್ಲಿ. 2016ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. ಒಳಗಿನ ಲೆಕ್ಕ ನಿಂತಿಲ್ಲ. ಪೇಜ್‌ರ‍್ಯಾಂಕ್ ಬದಲಾಗುತ್ತಾ ಬಂದಿದೆ, ಆದರೆ ಇವತ್ತಿಗೂ ತನ್ನ ವ್ಯವಸ್ಥೆಗಳಲ್ಲಿ ಅದು ಒಂದು ಎಂದು ಗೂಗಲ್ ಹೇಳುತ್ತದೆ. ನಮಗೆ ಮಾತ್ರ ಅದು ಕಾಣುವುದಿಲ್ಲ.

ಕಾಣುವ ಅಂಕ ಬೇಕು ಅನ್ನುವ ಆಸೆ ಜನರಲ್ಲಿ ಉಳಿದೇ ಇತ್ತು. ಆ ಜಾಗಕ್ಕೆ ಈ ಖಾಸಗಿ ಕಂಪನಿಗಳ ಅಂಕಗಳು ಬಂದು ಕೂತವು.

ಅವು ಏನು ಮಾಡುತ್ತವೆ? ಪ್ರತಿಯೊಂದು ಕಂಪನಿಗೂ ಪುಟಗಳನ್ನು ತಾನೇ ಓದುತ್ತಾ ಹೋಗುವ ತನ್ನದೇ ತಂತ್ರಾಂಶ, ಅಂದರೆ ಬಾಟ್ ಇದೆ. ಅಂತರ್ಜಾಲವೆಲ್ಲ ಸುತ್ತಿ ಯಾರು ಯಾರಿಗೆ ಕೊಂಡಿ ಕೊಟ್ಟಿದ್ದಾರೆ ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಎಚ್‌ರೆಫ್ಸ್ ಕೊಂಡಿಗಳನ್ನಷ್ಟೇ ನೋಡಿ ಅಂಕ ಕೊಡುತ್ತದೆ. ಸೆಮ್‌ರಶ್ ಕೊಂಡಿಯ ಜೊತೆಗೆ ಹುಡುಕಾಟದಿಂದ ಬರುವ ಓದುಗರ ಅಂದಾಜನ್ನೂ, ಮೋಸದ ಲಕ್ಷಣಗಳನ್ನೂ ಸೇರಿಸುತ್ತದೆ. ಮಾಜ್ ಗೂಗಲ್‌ನ ಫಲಿತಾಂಶಗಳನ್ನು ಮುಂದಿಟ್ಟುಕೊಂಡು, ಯಾವ ತಾಣ ಮೇಲೆ ಬರಬಹುದು ಅಂತ ಯಂತ್ರಕಲಿಕೆಯಿಂದ (ಮಷೀನ್ ಲರ್ನಿಂಗ್) ಊಹಿಸುತ್ತದೆ. 2019ರಲ್ಲಿ ಅದು ತನ್ನ ಲೆಕ್ಕವನ್ನೇ ಬದಲಿಸಿತು. ಆಗ ಎಷ್ಟೋ ತಾಣಗಳ ಅಂಕ ರಾತ್ರಿ ಬೆಳಗಾಗುವುದರೊಳಗೆ ಏರುಪೇರಾಯಿತು. ಆ ತಾಣಗಳು ಏನನ್ನೂ ಮಾಡಿರಲಿಲ್ಲ.

ಹಾಗಾಗಿ ಒಂದೇ ತಾಣಕ್ಕೆ ಒಂದು ಕಡೆ 14, ಇನ್ನೊಂದು ಕಡೆ 31 ಬಂದರೆ ಗಾಬರಿಯಾಗಬೇಡಿ. ಅವರ ದಾಖಲೆ ಬೇರೆ, ಲೆಕ್ಕ ಬೇರೆ. ಇನ್ನೊಂದು ಸಂಗತಿಯೂ ಇದೆ. ಸರ್ವರ್ ಮೇಲಿನ ಹೊರೆ ತಪ್ಪಿಸಲು ಎಷ್ಟೋ ತಾಣಗಳು ಈ ಬಾಟ್‌ಗಳನ್ನು ತಡೆಯುತ್ತವೆ. ಗೂಗಲ್‌ನ ಬಾಟ್‌ಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಅಂಥ ತಾಣವೊಂದು ನಿಮಗೆ ಕೊಂಡಿ ಕೊಟ್ಟಿದ್ದರೆ ಗೂಗಲ್‌ಗೆ ಅದು ಕಾಣುತ್ತದೆ. ಅಂಕ ಕೊಡುವವರಿಗೆ ಕಾಣುವುದಿಲ್ಲ.

ಈ ಅಂಕಗಳ ಅಳತೆಪಟ್ಟಿಯೂ ಸಮನಾದದ್ದಲ್ಲ. 10ರಿಂದ 20ಕ್ಕೆ ಏರುವಷ್ಟು ಸುಲಭವಾಗಿ 70ರಿಂದ 80ಕ್ಕೆ ಏರಲು ಆಗುವುದಿಲ್ಲ. ಜೊತೆಗೆ ಇದು ಹೋಲಿಕೆಯ ಅಂಕ. ಮೇಲಿರುವ ದೊಡ್ಡ ತಾಣಗಳಿಗೆ ಲಕ್ಷಾಂತರ ಹೊಸ ಕೊಂಡಿಗಳು ಬಂದರೆ, ನಿಮ್ಮದರಲ್ಲಿ ಏನೂ ಕೆಡದೆ ನಿಮ್ಮ ಅಂಕ ಇಳಿಯಬಹುದು.

ಇಲ್ಲಿ ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ‘ಇಡೀ ತಾಣಕ್ಕೆ ಗೂಗಲ್ ಯಾವ ಬೆಲೆಯನ್ನೂ ಕಟ್ಟುವುದಿಲ್ಲ’ ಎಂದು ಹೇಳಿದರೆ ಅದೂ ಸರಿಯಲ್ಲ. ತನ್ನ ವ್ಯವಸ್ಥೆ ಮುಖ್ಯವಾಗಿ ಪುಟದ ಮಟ್ಟದಲ್ಲಿ ಕೆಲಸ ಮಾಡುತ್ತದೆ, ಜೊತೆಗೆ ಇಡೀ ತಾಣದ ಕೆಲವು ಸೂಚನೆಗಳನ್ನೂ ಬಳಸುತ್ತದೆ ಎಂದು ಗೂಗಲ್ಲೇ ಬರೆದಿದೆ. ಮೇ 2024ರಲ್ಲಿ ಗೂಗಲ್‌ನ ಒಳಗಿನ ತಾಂತ್ರಿಕ ದಾಖಲೆಗಳು ಹೊರಬಂದವು. ಅದರಲ್ಲಿ ‘ಸೈಟ್ ಅಥಾರಿಟಿ’ ಎಂಬ ಹೆಸರಿನ ಒಂದು ಅಂಶವಿತ್ತು. ದಾಖಲೆಗಳು ತನ್ನವೇ ಎಂದು ಗೂಗಲ್ ಒಪ್ಪಿಕೊಂಡಿತು. ಹಿಂದುಮುಂದು ಗೊತ್ತಿಲ್ಲದೆ ಅವುಗಳಿಂದ ತೀರ್ಮಾನಕ್ಕೆ ಬರಬೇಡಿ ಎಂದೂ ಹೇಳಿತು. ಅದಕ್ಕೂ ಮೊದಲು, ಅಕ್ಟೋಬರ್ 2023ರಲ್ಲಿ, ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಕಂಪನಿಯ ಪಾಂಡು ನಾಯಕ್ ಸಾಕ್ಷಿ ಹೇಳಿದ್ದರು. ಜನ ಯಾವ ಫಲಿತಾಂಶವನ್ನು ಒತ್ತುತ್ತಾರೆ ಎಂಬ 13 ತಿಂಗಳ ಮಾಹಿತಿಯನ್ನು ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ ಬಳಸುತ್ತದೆ ಅನ್ನುವುದು ಆಗ ಹೊರಗೆ ಬಂತು. ಗೂಗಲ್‌ಗೆ ತನ್ನದೇ ಅಳತೆಗಳಿವೆ. ಅವು ಹಲವು. ಅವನ್ನು ನಾವು ಹಣ ಕೊಟ್ಟು ನೋಡಲು ಆಗುವುದಿಲ್ಲ. ಮಾಜ್ ತೋರಿಸುವ ಅಂಕ ಅವುಗಳಲ್ಲಿ ಒಂದಲ್ಲ.

ಕೊಂಡಿ ಕೊಳ್ಳುವ ದಾರಿ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ದೊಡ್ಡ ಬಟ್ಟೆ ವ್ಯಾಪಾರಿ ಜೆ.ಸಿ. ಪೆನ್ನಿ. 2010ರ ಕೊನೆಯ ತಿಂಗಳುಗಳಲ್ಲಿ, ಹಬ್ಬದ ವ್ಯಾಪಾರ ಜೋರಾಗಿದ್ದಾಗ, ಉಡುಪು, ಹಾಸಿಗೆ, ರತ್ನಗಂಬಳಿ ಯಾವುದನ್ನು ಹುಡುಕಿದರೂ ಅದೇ ಮೊದಲು ಬರುತ್ತಿತ್ತು. ಫೆಬ್ರುವರಿ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬೆನ್ನು ಹತ್ತಿ ನೋಡಿತು. ಉಡುಪಿಗೂ ಹಾಸಿಗೆಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿಗಳು ಬಂದಿದ್ದವು. ಗೂಗಲ್ ಕ್ರಮ ತೆಗೆದುಕೊಂಡ ಸಂಜೆ, ಒಂದು ಬ್ರಾಂಡಿನ ಪ್ರಯಾಣದ ಸೂಟ್‌ಕೇಸಿನ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅವರ ಪುಟ ಎರಡು ಗಂಟೆಯೊಳಗೆ 71ನೆಯದಾಯಿತು. ಈ ಕೊಂಡಿಗಳ ವಿಷಯ ತಮಗೆ ಗೊತ್ತಿರಲಿಲ್ಲ ಎಂದ ಕಂಪನಿ, ತನ್ನ ಎಸ್‌ಇಒ ಸಂಸ್ಥೆಯನ್ನು ಬಿಡಿಸಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದು, ಇಂಥ ಕೊಂಡಿಗಳನ್ನು ದೊಡ್ಡ ಮಟ್ಟದಲ್ಲಿ ಹಿಡಿಯತೊಡಗಿತು.

ಅಷ್ಟು ದೊಡ್ಡ ಕಂಪನಿಯಾದರೆ ತಡೆದುಕೊಳ್ಳುತ್ತದೆ. ಒಬ್ಬರೇ ಕೂತು ಬರೆಯುವ ಕನ್ನಡದ ತಾಣ ತಡೆದುಕೊಳ್ಳುತ್ತದೆಯೇ?

ಈಗ ನಮ್ಮ ಕೆಲಸಕ್ಕೆ ಬರೋಣ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಬಗ್ಗೆ ಬರೆದಿದ್ದಾರೆ ಅಂತ ಇಟ್ಟುಕೊಳ್ಳಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಯಾವುದನ್ನು ಯಾವುದಕ್ಕೆ ಸುರಿಯಬೇಕು, ಮಳೆ ಹಿಡಿಯುವ ಮೊದಲು ಯಾವಾಗ ಹೊಡೆಯಬೇಕು, ಎಲ್ಲ ಬರೆದಿದ್ದಾರೆ. ಅವರ ತಾಣದ ಅಂಕ 3. ದೊಡ್ಡ ಸುದ್ದಿ ತಾಣದ ಅಂಕ 80. ಆದರೂ ‘ಬೋರ್ಡೋ ದ್ರಾವಣ ಮಾಡುವ ವಿಧಾನ’ ಎಂದು ಹುಡುಕಿದಾಗ ಬೆಳೆಗಾರರ ಪುಟ ಮೇಲೆ ಬರಬಹುದು. ಯಾಕೆಂದರೆ ಕೇಳಿದ್ದಕ್ಕೆ ಉತ್ತರ ಇರುವುದು ಅಲ್ಲಿ. ಸುದ್ದಿ ತಾಣದಲ್ಲಿ ‘ಕೊಳೆ ರೋಗದಿಂದ ರೈತರು ಕಂಗಾಲು’ ಎಂಬ ವರದಿ ಇರುತ್ತದೆ, ಅಷ್ಟೇ. ಇಂಗ್ಲಿಷ್‌ನಲ್ಲಿ ಇಂಥ ಒಂದೊಂದು ಪ್ರಶ್ನೆಗೂ ಸಾವಿರಾರು ಪುಟಗಳ ಪೈಪೋಟಿ. ಕನ್ನಡದಲ್ಲಿ ಸರಿಯಾಗಿ ಉತ್ತರ ಕೊಡುವ ಪುಟಗಳು ಬೆರಳೆಣಿಕೆಯಷ್ಟು. ಚಿಕ್ಕ ತಾಣಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿದೆ?

ಆದರೆ ಆ ಪುಟ ಗೂಗಲ್‌ಗೆ ಓದಲು ಬರಬೇಕು. ಇಲ್ಲೇ ನಮ್ಮ ದೊಡ್ಡ ನಷ್ಟ ಆಗಿರುವುದು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಥರ ಅರ್ಥವಾಗುವ ಅಕ್ಷರ ವ್ಯವಸ್ಥೆ ಯೂನಿಕೋಡ್. ಕನ್ನಡ ಅದಕ್ಕೆ ಸೇರಿದ್ದು 1991ರಲ್ಲೇ. ಆದರೂ ಬಹಳ ಕಾಲ ನಾವು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲೇ ಬರೆದೆವು. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗೆ ಹಾಕಿದ ಪುಟಗಳು ಕನ್ನಡದ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಅಂಥ ಪಿಡಿಎಫ್‌ಗಳದ್ದೂ ಅದೇ ಪಾಡು. ನಿಮ್ಮ ಬಳಿ ಹಳೆಯ ಬರಹಗಳಿದ್ದರೆ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ದಯವಿಟ್ಟು ಬದಲಾಯಿಸಿ ಹಾಕಿ. ಇಡೀ ಬರಹವನ್ನು ಒಂದು ಚಿತ್ರ ಮಾಡಿ ಹಾಕುವ ರೂಢಿಯನ್ನೂ ಬಿಡಿ. ವಾಟ್ಸಾಪ್‌ಗೆ ಚಿತ್ರ ಸರಿ, ಜಾಲತಾಣಕ್ಕೆ ಅಕ್ಷರವೇ ಬೇಕು.

ಮತ್ತೆ, ಜನ ಹೇಗೆ ಕೇಳುತ್ತಾರೋ ಹಾಗೆ ಬರೆಯಿರಿ. ಒಬ್ಬರು ಬೋರ್ಡೋ ಅನ್ನುತ್ತಾರೆ, ಇನ್ನೊಬ್ಬರು ಬೋರ್ಡೊ. ಒಬ್ಬರಿಗೆ ಮೈಲುತುತ್ತ, ಇನ್ನೊಬ್ಬರಿಗೆ ಕಾಪರ್ ಸಲ್ಫೇಟ್. ಬರಹದ ನಡುವೆ ಎರಡೂ ಹೆಸರು ಸಹಜವಾಗಿ ಬರಲಿ. ‘ಹಸಿರು ಸಿರಿಗೆ ನೀಲಿ ರಕ್ಷೆ’ ಎಂಬ ತಲೆಬರಹ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಆ ಪದಗಳನ್ನು ಹಾಕಿ ಯಾರೂ ಹುಡುಕುವುದಿಲ್ಲ, ಅಲ್ವಾ?

ಅಂಕದ ಬದಲು ನೋಡಬೇಕಾದದ್ದು ಸರ್ಚ್ ಕನ್ಸೋಲ್. ಗೂಗಲ್ ಇದನ್ನು ಉಚಿತವಾಗಿ ಕೊಡುತ್ತದೆ. ನಿಮ್ಮ ತಾಣ ಯಾವ ಯಾವ ಹುಡುಕಾಟಕ್ಕೆ ಕಾಣಿಸಿಕೊಂಡಿತು, ಎಷ್ಟು ಸಲ, ಎಷ್ಟು ಜನ ಒತ್ತಿದರು, 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಯಾವ ಪುಟವನ್ನು ಓದಿದ ಮೇಲೂ ಗೂಗಲ್ ತನ್ನ ಸೂಚಿಗೆ (ಇಂಡೆಕ್ಸ್) ಸೇರಿಸಿಕೊಂಡಿಲ್ಲ ಅನ್ನುವುದನ್ನೂ ತೋರಿಸುತ್ತದೆ. ಸೂಚಿಯಲ್ಲೇ ಇಲ್ಲದ ಪುಟಕ್ಕೆ ಎಷ್ಟನೇ ಜಾಗ ಅಂತ ಕೇಳಿ ಏನು ಪ್ರಯೋಜನ? ಮೊದಲು ಅದನ್ನು ನೋಡಿ.

ಅಲ್ಲಿರುವ ‘ಸರಾಸರಿ ಸ್ಥಾನ’ ನೋಡಿ ಮಾತ್ರ ಹೆದರಬೇಡಿ. ಲೆಕ್ಕ ಹೀಗೆ. ನಮ್ಮ ಬೆಳೆಗಾರರ ಪುಟ ‘ಬೋರ್ಡೋ ದ್ರಾವಣ’ದ ಹುಡುಕಾಟದಲ್ಲಿ 3ನೇ ಜಾಗದಲ್ಲಿ 100 ಸಲ ಕಾಣಿಸಿತು ಅನ್ನಿ. ಸರಾಸರಿ 3. ಮುಂದಿನ ತಿಂಗಳು ಅದು ಹಾಗೇ ಇದೆ. ಜೊತೆಗೆ ‘ಅಡಿಕೆ ಕೊಳೆ ರೋಗ’ ಎಂಬ ಹೊಸ ಹುಡುಕಾಟದಲ್ಲಿ 33ನೇ ಜಾಗದಲ್ಲಿ 100 ಸಲ ಕಾಣಿಸಿತು. ಈಗ ಸರಾಸರಿ 18. ಕುಸಿದ ಹಾಗೆ ಕಾಣುತ್ತದೆ. ನಿಜಕ್ಕೂ ಆಗಿದ್ದು ಬೆಳವಣಿಗೆ. ಗೂಗಲ್ ಆ ಪುಟವನ್ನು ಇನ್ನೊಂದು ಪ್ರಶ್ನೆಗೂ ತೋರಿಸಿ ನೋಡುತ್ತಿದೆ. ಆ ಪ್ರಶ್ನೆಗೆ ಉತ್ತರ ಕೊಡುವ ಇನ್ನೊಂದು ಬರಹ ಬರೆದು ಎರಡಕ್ಕೂ ಪರಸ್ಪರ ಕೊಂಡಿ ಹಾಕಿ.

ಇನ್ನು ನನಗೆ ತುಂಬಾ ಮುಖ್ಯವಾದ ಮಾತು. ನಾವು ಕನ್ನಡದವರು ಒಬ್ಬರಿಗೊಬ್ಬರು ಕೊಂಡಿ ಕೊಡುವುದೇ ಇಲ್ಲ. ಯಾರದೋ ಒಳ್ಳೆಯ ಬರಹವನ್ನು ಎತ್ತಿ ಹಾಕುತ್ತೇವೆ, ‘ಕೃಪೆ: ಅಂತರ್ಜಾಲ’ ಅಂತ ಬರೆಯುತ್ತೇವೆ. ಇದು ಬರೆದವರಿಗೆ ಮಾಡುವ ಅನ್ಯಾಯ. ಹುಡುಕಾಟದ ಲೆಕ್ಕದಲ್ಲೂ ಅನ್ಯಾಯ. ಮೂಲ ಬರಹ ಯಾವುದು, ಯಾರ ಮಾತಿಗೆ ತೂಕ ಇದೆ ಅಂತ ಯಂತ್ರಕ್ಕೆ ಗೊತ್ತಾಗುವ ಒಂದು ಮುಖ್ಯ ದಾರಿಯೇ ಕೊಂಡಿ. ಕೊಂಡಿಗಳೇ ಇಲ್ಲದ ಕನ್ನಡದ ಜಾಲದಲ್ಲಿ, ನಕಲು ಮಾಡಿದ ದೊಡ್ಡ ತಾಣ ಮೇಲೆ ಬಂದು, ಕಷ್ಟಪಟ್ಟು ಬರೆದವರು ಕೆಳಗೆ ಉಳಿಯುತ್ತಾರೆ. ನಾನು ನಿನಗೆ, ನೀನು ನನಗೆ ಎಂಬ ವಿನಿಮಯ ಬೇಡ. ಅತಿಯಾದರೆ ಅದನ್ನೂ ಗೂಗಲ್ ಮೋಸವೆಂದೇ ಎಣಿಸುತ್ತದೆ. ಓದಿದ್ದು ನಿಜಕ್ಕೂ ಉಪಯೋಗವಾಗಿದ್ದರೆ, ಬರೆಯುವಾಗ ಅವರ ಹೆಸರು ಹೇಳಿ ಆ ಪುಟಕ್ಕೇ ಕೊಂಡಿ ಕೊಡಿ. ಹಾಗೆಯೇ, ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ತಾಣದ ಕೊಂಡಿ ತುರುಕಬೇಡಿ. ಅಲ್ಲಿನ ಹೊರಕೊಂಡಿಗಳಿಗೆಲ್ಲ ನೋಫಾಲೋ ಗುರುತು ಇದೆ. ಅದನ್ನು ಕೂತು ತೆಗೆಯುವವರು ಸಂಬಳವಿಲ್ಲದೆ ದುಡಿಯುವ ಕನ್ನಡಿಗರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಹಾಗಾದರೆ ಈ ಅಂಕಗಳನ್ನು ನೋಡಲೇಬಾರದಾ ಸರ್?’

ನೋಡಬಹುದು. ಒಂದೇ ಸಲಕರಣೆಯಲ್ಲಿ, ನಿಮ್ಮದೇ ವಿಷಯದ ನಾಲ್ಕು ತಾಣಗಳ ಪಕ್ಕ ಇಟ್ಟು ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಅಂಕಕ್ಕಿಂತ ಅದರ ಜೊತೆ ಕೊಡುವ ಕೊಂಡಿಗಳ ಪಟ್ಟಿ ಹೆಚ್ಚು ಉಪಯೋಗ. ಯಾರು ನಿಮ್ಮ ಬರಹವನ್ನು ನೆನೆದಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ಅಂಕವನ್ನು ಕೃತಕವಾಗಿ ಏರಿಸಿಕೊಡುವವರಿದ್ದಾರೆ ಅನ್ನುವುದು ನೆನಪಿರಲಿ. ಮಾಲೀಕರು ಬಿಟ್ಟುಹೋದ ಹಳೆಯ ಡೊಮೈನ್ (ತಾಣದ ವಿಳಾಸ) ಕೊಂಡು ಅದಕ್ಕೆ ಬಂದ ಕೊಂಡಿಗಳನ್ನು ತಮ್ಮ ತಾಣದತ್ತ ತಿರುಗಿಸಿಕೊಂಡರೆ ಅಂಕ ಬೇಗ ಏರುತ್ತದೆ, ಓದುಗರು ಬರುವುದಿಲ್ಲ. ಹಳೆಯ ಡೊಮೈನ್‌ಗಳ ಇಂಥ ದುರ್ಬಳಕೆಯನ್ನು ಮಾರ್ಚ್ 2024ರಿಂದ ಗೂಗಲ್ ತನ್ನ ನಿಯಮಗಳಲ್ಲೇ ಹೆಸರಿಸಿ ತಡೆದಿದೆ. ಅಂಕ 50, ಹುಡುಕಾಟದಿಂದ ಬರುವವರು ಯಾರೂ ಇಲ್ಲ ಅಂದರೆ ಅನುಮಾನಪಡಿ.

ಅಡುಗೆಯ ತಾಣ ನಡೆಸುವ ತಂಗಿಯೊಬ್ಬರ ಪ್ರಶ್ನೆ: ‘ನನ್ನ ತಾಣದಲ್ಲಿ ತಮ್ಮ ಲೇಖನ ಹಾಕಿದರೆ ದುಡ್ಡು ಕೊಡುತ್ತೇವೆ ಅಂತ ಕೆಲವರಿಂದ ಇಮೇಲ್ ಬರುತ್ತಿರುತ್ತದೆ. ಹಾಕಬಹುದಾ?’

ಜಾಹೀರಾತು ಹಾಕಿ ದುಡಿಯುವುದು ತಪ್ಪಲ್ಲಮ್ಮ. ಹಾಕುವುದಾದರೆ ಇದು ಪ್ರಾಯೋಜಿತ ಅಂತ ಓದುಗರಿಗೆ ಕಾಣುವ ಹಾಗೆ ಬರೆಯಿರಿ. ಕೊಂಡಿಗೆ ‘ಸ್ಪಾನ್ಸರ್ಡ್’ ಎಂಬ ಗುರುತು ಹಾಕಿ. 2019ರಿಂದ ಇದಕ್ಕೆಂದೇ ಆ ಗುರುತು ಇದೆ. ಹೀಗೆ ಹಾಕುತ್ತೇನೆ ಅಂತ ಅವರಿಗೆ ಮೊದಲೇ ಬರೆದು ತಿಳಿಸಿ. ಒಪ್ಪಿದರೆ ಅವರಿಗೆ ನಿಮ್ಮ ಓದುಗರು ಬೇಕಾಗಿದ್ದಾರೆ. ಅಡುಗೆ ಎಣ್ಣೆಯವರೋ ಪಾತ್ರೆಯವರೋ ಆದರೆ ಧಾರಾಳವಾಗಿ ಮಾತಾಡಿ, ಒಳ್ಳೆಯ ಬೆಲೆ ಕೇಳಿ. ಗುರುತು ಬೇಡವೇ ಬೇಡ ಅಂತ ಹಟ ಹಿಡಿದರೆ ಅವರಿಗೆ ಬೇಕಾಗಿರುವುದು ಕೊಂಡಿ ಮಾತ್ರ. ಸಾಮಾನ್ಯವಾಗಿ ಅಂಥವರ ಹಿಂದೆ ಬೆಟ್ಟಿಂಗೋ ಸಾಲದ ಆ್ಯಪೋ ಇರುತ್ತದೆ. ಆ ಇಮೇಲ್‌ಗೆ ಉತ್ತರ ಕೊಡುವುದೇ ಬೇಡ.